ಮೂರು ಬೆರಳಿಗೆ ಬರುತ್ತಿದ್ದ ಮೀನುಗಳು

ಅವರ ಬಲಗೈಯಲ್ಲಿ ಇದ್ದದ್ದು ಮೂರೇ ಬೆರಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಳಿದೆರಡು ಇರಬೇಕಾದಲ್ಲಿ ಚರ್ಮ ಮಡಚಿಕೊಂಡು, ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ಎರಡು ಗೆರೆ ಒಮ್ಮೆಗೇ ಮೂಡುತ್ತಿದ್ದವು, ಮೂರನೆಯದನ್ನು ಬೇರೆಯಾಗಿ ಎಳೆದುಕೊಳ್ಳಬೇಕಾಗಿತ್ತು. ಆ ಮೂರನೆಯ ಗೆರೆ ನಾನು ನೋಡಿದಷ್ಟು ದಿನವೂ ಸೊಟ್ಟಗೇ ಇತ್ತು. ಪೂಜೆ ಮುಗಿಸಿ, ವಿಭೂತಿ ಇನ್ನೂ ಒಣಗುವ ಮೊದಲೇ, ಆ ಕೈಯನ್ನು ಪಡಸಾಲೆಯ ಗಾಜಿನ ತೊಟ್ಟಿಯ ಮೇಲೆ ತರುತ್ತಿದ್ದರು. ಮೂಲೆಮೂಲೆಯಲ್ಲಿದ್ದ ಗಪ್ಪಿ ಮೀನುಗಳೆಲ್ಲ ಒಂದೇ ಸಲಕ್ಕೆ ಮೇಲೇಳುತ್ತಿದ್ದವು. ಕೆಂಪು, ನೀಲಿ, ಅರಿಸಿನ ಬಣ್ಣದ ಬಾಲಗಳು ಒಂದರ ಮೇಲೊಂದು ಬಿದ್ದು ನೀರು ಕುದಿಯುವ ಹಾಗೆ ಕಾಣುತ್ತಿತ್ತು. ಅದೇ ಜಾಗದಲ್ಲಿ ನಾನು ಕೈ ಚಾಚಿದರೆ ಚದುರಿ ಗಿಡದ ಹಿಂದೆ ಅಡಗುತ್ತಿದ್ದವು.

"ನಿನ್ನ ಬೆರಳು ಭಾಳ ಆದ್ವು ಬೇ, ಅವಕ್ಕ ಲೆಕ್ಕ ಹತ್ತಂಗಿಲ್ಲ" ಎಂದು ನಗುತ್ತಿದ್ದರು.

ಮಸ್ಕಿಯಲ್ಲಿ ನಮ್ಮ ಮನೆಯ ಎದುರು ಮನೆ ಅವರದು. ನಾನು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ನಾವು ಆ ಓಣಿಗೆ ಬಂದೆವು. ಆಗಲೇ ಅವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾಗಿದ್ದರು. ಆದರೂ ಓಣಿಗೆಲ್ಲ ಅವರು ಲೈನ್‌ಮನ್ನರೇ. ನನಗೆ ಲೈನ್‌ಮನ್ ಕಾಕಾ. ಅವರ ಹೆಂಡತಿಯನ್ನು ಚಿಗವ್ವ ಎನ್ನುತ್ತಿದ್ದೆ. ಮಗಳು ಮದುವೆಯಾಗಿ ಗುರುಗುಂಟಾದಲ್ಲಿದ್ದಳು, ತಿಂಗಳಿಗೊಮ್ಮೆ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದು ಮನೆ ತುಂಬಿಸಿ ಹೋಗುತ್ತಿದ್ದಳು. ಉಳಿದ ದಿನಗಳಲ್ಲಿ ಆ ಮನೆ ತುಂಬಲು ಚಿಗವ್ವನ ಬಾಯಿಯೊಂದೇ ಸಾಕಾಗಿತ್ತು.

ಲಿಂಗ ಕಟ್ಟಿದ ಮನೆಗೆ ಮೀನು ಬಂದ ಕಥೆಯನ್ನು ನಾನು ಇಬ್ಬರ ಬಾಯಲ್ಲೂ ಬೇರೆಬೇರೆಯಾಗಿ ಕೇಳಿದ್ದೇನೆ. ಕಾಕಾ ತುರ್ವಿಹಾಳದಲ್ಲಿ ಕೆಲಸದಲ್ಲಿದ್ದಾಗ ಕಂಬದ ಮೇಲೆ ಕೈ ಸುಟ್ಟುಕೊಂಡಿದ್ದರು. ಆಮೇಲೆ ಕಂಬ ಹತ್ತಿಸದೆ ಆಫೀಸಿನಲ್ಲೇ ಕೂರಿಸಿದರು. ಸುತ್ತಲೂ ಕಾಲುವೆ ನೀರಿನ ಭತ್ತದ ಗದ್ದೆ, ಸಂಜೆಯಾದರೆ ಸೊಳ್ಳೆ. ಆರೋಗ್ಯ ಇಲಾಖೆಯವರು ಬಂದು ಆಫೀಸಿನ ಹಿಂದಿನ ಸಿಮೆಂಟ್ ಟಾಕಿಯಲ್ಲಿ ಸೊಳ್ಳೆಮರಿ ತಿನ್ನುವ ಗಪ್ಪಿಗಳನ್ನು ಬಿಟ್ಟು ಹೋದರು. ಕೆಲಸವಿಲ್ಲದ ಕಾಕಾ ಮಧ್ಯಾಹ್ನ ಟಾಕಿಯ ಕಟ್ಟೆಯ ಮೇಲೆ ಕೂತು ರೊಟ್ಟಿಯ ಪುಡಿ ಉದುರಿಸುತ್ತಿದ್ದರು. ಪುಡಿಯನ್ನು ಚಿಟಿಕೆಯಲ್ಲಿ ಹಿಡಿಯಬೇಕು, ಉದುರಿಸಬೇಕು, ಮತ್ತೆ ಹಿಡಿಯಬೇಕು. "ಚಿಟಿಕಿಗೆ ಮೂರು ಬೆರಳು ಸಾಕು ಅಂತ ನನಗ ಅವು ತೋರಿಸಿಕೊಟ್ವು. ಇಲ್ಲಾಂದ್ರ ಈ ಕೈಲೆ ನಾ ಅಂಗಿ ಗುಂಡಿ ಸೈತ ಹಾಕ್ಕೊಳ್ತಿದ್ದಿಲ್ಲ" ಎನ್ನುತ್ತಿದ್ದರು. ಒಂದು ದಿನ ಏಳೆಂಟು ಮೀನುಗಳನ್ನು ಬುತ್ತಿ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಮಸ್ಕಿಗೆ ತಂದರು.

ಚಿಗವ್ವನ ಕಥೆ ಅಲ್ಲಿಂದ ಶುರುವಾಗುತ್ತಿತ್ತು. "ಡಬ್ಬಿ ತೊಳ್ಯಾಕಂತ ಮುಚ್ಚಳ ತಗೀತೀನಿ, ಒಳಗ ಕಣ್ಣು! ಪಿಳಿಪಿಳಿ ನನ್ನ ನೋಡಾಕತ್ತಾವ! ಆ ಡಬ್ಬಿ ತಿಪ್ಪಿಗೆ ಒಗದೆ. ಇವರನ್ನೂ ಒಗೀತಿದ್ದೆ, ಎತ್ತಾಕ ಆಗಲಿಲ್ಲ."

ಓಣಿಯ ಗಂಡಸರು ಕಟ್ಟೆಯ ಮೇಲೆ ಕೂತು ಕಾಲೆಳೆಯುತ್ತಿದ್ದರು. "ಏನ್ ಲೈನ್‌ಮನ್ರ, ಒಂದು ಗಡಿಗಿ ಸಾರು ಮಾಡಾಕ ಎಷ್ಟು ಬೇಕಾಗ್ತಾವ್ರಿ ಇವು?"

"ನಿನ್ನ ಬಾಯಿಗೆ ಸಾಲೂದಿಲ್ಲೋ, ಅದಕ್ಕ ಇನ್ನಾ ಬೆಳಸಾಕತ್ತೀನಿ, ತಡಿ."

ಹಾಗೆ ಚೇಷ್ಟೆ ಮಾಡಿದವರೇ ಆಮೇಲೆ ಖಾಲಿ ನೀರಿನ ಬಾಟಲಿ ಹಿಡಿದು ಬರುತ್ತಿದ್ದರು, ತಮ್ಮ ಮನೆಯ ಟಾಕಿಗೆ ಒಂದೆರಡು ಬೇಕೆಂದು. ಕಾಕಾ ಯಾರಿಗೂ ಇಲ್ಲವೆನ್ನಲಿಲ್ಲ. ಆದರೆ ಬಾಟಲಿ ಕೈಗೆ ಕೊಡುವ ಮುಂಚೆ ಮೀನಿನ ಆರೈಕೆ ಪಾಠ ಕೇಳಲೇಬೇಕು. ನಲ್ಲಿ ನೀರನ್ನು ಎರಡು ದಿನ ಬಕೆಟ್ಟಿನಲ್ಲಿ ಬಯಲಿಗಿಟ್ಟು ಔಷಧದ ವಾಸನೆ ಹೋದ ಮೇಲೆ ಹಾಕಬೇಕು. ಮೂರರಲ್ಲಿ ಒಂದು ಪಾಲು ನೀರು ಮಾತ್ರ ಬದಲಿಸಬೇಕು. "ಎಲ್ಲಾ ಚೆಲ್ಲಿ ಹೊಸಾದು ತುಂಬಿದ್ರ ಅವಕ್ಕ ಒಮ್ಮಿಗೇ ಊರು ಬಿಡಿಸಿದಂಗ ಆಗ್ತೈತಿ." ಬಸುರಿ ಮೀನಿನ ಹೊಟ್ಟೆಯ ಕೆಳಗಿನ ಕಪ್ಪು ಮಚ್ಚೆ ದೊಡ್ಡದಾದರೆ ಬೇರೆ ಇಡಬೇಕು, ಇಲ್ಲವಾದರೆ ಹೆತ್ತ ಮರಿಗಳನ್ನು ತಾಯಿಯೇ ನುಂಗುತ್ತದೆ. ಇದನ್ನು ಮೊದಲ ಸಲ ಕೇಳಿದಾಗ ನನಗೆ ಕಸಿವಿಸಿಯಾಗಿತ್ತು. "ಅದರ ಮ್ಯಾಲ ಸಿಟ್ಟಾಗಬ್ಯಾಡ, ಅದಕ್ಕ ಗೊತ್ತಾಗಂಗಿಲ್ಲ" ಎಂದಿದ್ದರು. ಊಟದ ವಿಷಯದಲ್ಲಂತೂ ತುಂಬ ಕಟ್ಟುನಿಟ್ಟು. "ಅದರ ಕಣ್ಣು ನೋಡು, ಎಷ್ಟೈತಿ? ಹೊಟ್ಟಿನೂ ಅಷ್ಟ. ನಮ್ಮ ಕರುಳಿಗೆ ಸಮಾಧಾನ ಆಗ್ಲಿ ಅಂತ ಹಾಕಿದ್ರ ಅವು ಸಾಯ್ತಾವ."

ಸೋಮವಾರ ಅವರದು ಒಪ್ಪತ್ತು. ಮೀನುಗಳಿಗೂ ಅಂದು ಉಪವಾಸ. ನಾನು ಸಿಂಧನೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಗ, ವಾರಕ್ಕೊಂದು ದಿನ ಇಂಥ ಮೀನುಗಳಿಗೆ ಏನೂ ಹಾಕದಿರುವುದು ಒಳ್ಳೆಯದೆಂದು ಎಲ್ಲೋ ಓದಿ ಓಡಿಬಂದು ಹೇಳಿದೆ. ಅವರು ಕನ್ನಡಕ ಮೂಗಿಗಿಳಿಸಿ ಕೇಳಿದರು: "ಸೋಮವಾರ ಅಂತ ಬರದಾರೇನು?"

"ಇಲ್ರಿ ಕಾಕಾ, ಯಾವುದರ ಒಂದು ದಿನ ಅಂತ ಐತಿ."

"ಹಂಗಂದ್ರ ಅರ್ಧಾ ಬರದಾರ."

ಅವರ ಎಲ್ಲ ನಿಯಮಗಳಿಗಿಂತ ದೊಡ್ಡ ನಿಯಮ ಒಂದಿತ್ತು. ತೊಟ್ಟಿಗೆ ಗಾಳಿ ಊದುವ ಒಂದು ಸಣ್ಣ ಪಂಪು, ನೀರು ಸೋಸುವ ಒಂದು ಯಂತ್ರ, ಮೇಲೊಂದು ಲೈಟು. ಮೂರರ ವೈರೂ ಒಂದೇ ಉದ್ದನೆಯ ಬೋರ್ಡಿಗೆ ಬಂದು, ಅಲ್ಲಿಂದ ಒಂದೇ ಪ್ಲಗ್ ಗೋಡೆಗೆ ಹೋಗುತ್ತಿತ್ತು. ಕಾಕಾ ತೊಟ್ಟಿಯೊಳಗೆ ಕೈ ಹಾಕುವ ಮುಂಚೆ ಆ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಇನ್ನೊಬ್ಬರ ಕೈಗೆ ಕೊಡುತ್ತಿದ್ದರು. ಸ್ವಿಚ್ ಆಫ್ ಮಾಡಿದರೆ ಸಾಲದು. ಕೆಳಗೆ ಬಿಟ್ಟರೂ ಸಾಲದು. ಒಬ್ಬರು ಹಿಡಿದು ನಿಲ್ಲಬೇಕು.

ಲೈನ್‌ಮನ್ನರು ಕಂಬ ಹತ್ತುವ ಮುಂಚೆ ಕರೆಂಟ್ ಬಿಡುವ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳುತ್ತಾರಂತೆ. ಆ ಲೈನಿಗೆ ಕರೆಂಟ್ ಬಿಡುವುದಿಲ್ಲ ಎಂಬ ಮಾತು ಅದು. ಅವರ ಬಾಯಲ್ಲಿ ಎಲ್‌ಸಿ. ಹತ್ತುವವನು ಕೇಳಬೇಕು, ಸ್ಟೇಷನ್ನಿನವನು ಕೊಡಬೇಕು, ಇಳಿದ ಮೇಲೆ ಹತ್ತಿದವನೇ ವಾಪಸ್ ಮಾಡಬೇಕು. ಆ ಪದ್ಧತಿಯನ್ನು ಕಾಕಾ ನಾಲ್ಕು ಅಡಿಯ ಮೀನಿನ ತೊಟ್ಟಿಗೆ ತಂದಿದ್ದರು.

"ಎಲ್‌ಸಿ ಕೊಡ್ರಿ" ಎಂದು ಪಡಸಾಲೆಯಿಂದ ಕೂಗುತ್ತಿದ್ದರು. ಚಿಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಪ್ಲಗ್ ಹಿಡಿದು, "ಕೊಟ್ಟೆ" ಎನ್ನುತ್ತಿದ್ದಳು. ಕೆಲಸ ಮುಗಿದು ಅವರು ಕೈ ಒಣಗಿಸಿಕೊಂಡು "ವಾಪಸ್" ಎಂದ ಮೇಲೆಯೇ ಅದು ಗೋಡೆಗೆ ಹೋಗುತ್ತಿತ್ತು. ಕರೆಂಟ್ ಹೋಗಿದ್ದರೂ ಇದೇ ಕ್ರಮ. ನಮ್ಮ ಕಡೆ ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು, ಹೋದಾಗ ಮನೆಮನೆಯಲ್ಲಿ ಜನ ಬಲ್ಬು ತಿರುಗಿಸುತ್ತಾರೆ, ಕಿತ್ತ ವೈರು ಸುತ್ತುತ್ತಾರೆ, ಕೆಟ್ಟ ಮಿಕ್ಸರ್ ಬಿಚ್ಚುತ್ತಾರೆ. ಕರೆಂಟ್ ಇಲ್ಲವಲ್ಲ ಎಂಬುದೊಂದು ಧೈರ್ಯ. ಕಾಕಾ ಇದನ್ನು ಕಂಡರೆ ಕೆರಳುತ್ತಿದ್ದರು. "ಹೋಗ್ಯಾದ ಅಂತೀರಲ್ಲ, ಎಲ್ಲಿ ಹೋಗ್ಯಾದ? ತಾರಿನಾಗ ಕುಂತೈತಿ. ಅದು ಬರೂವಾಗ ಬಾಗಲಾ ಬಡದು ಬರಂಗಿಲ್ಲ."

ಕಾಲೇಜಿನ ಮೂರು ವರ್ಷ, ಅದರ ನಂತರವೂ, ಚಿಗವ್ವ ಕೈ ಬಿಡುವಿಲ್ಲದಾಗ ಪ್ಲಗ್ ಹಿಡಿದದ್ದು ನಾನು. ಹಿಡಿದು ನಿಂತವಳಿಗೆ ಬೇರೆ ಕೆಲಸವಿಲ್ಲ, ಮಾತೇ ಕೆಲಸ. ನನ್ನ ಓದು, ನನ್ನ ಭಯ, ಮನೆಯಲ್ಲಿ ಹೇಳಲಾಗದ ಎಷ್ಟೋ ವಿಷಯ ಆ ತೊಟ್ಟಿಯ ಪಕ್ಕ ಹೊರಗೆ ಬಂದಿವೆ. ಒಮ್ಮೆ ಬೆರಳಿನ ಬಗ್ಗೆ ಕೇಳಿದೆ. "ಹೆಂಗಾತ್ರಿ ಕಾಕಾ ಅದು? ಎಲ್‌ಸಿ ತಗೊಂಡಿರಲಿಲ್ಲೇನು?"

"ತಗೊಂಡಿದ್ದೆ."

"ಮತ್ತ?"

"ಕರೆಂಟ್ ಬಂತು. ಅಷ್ಟ."

ಅವರ ದನಿಯಲ್ಲಿ ಮುಂದೆ ಕೇಳಬಾರದೆಂಬುದು ಇತ್ತು.

ಕಳೆದ ಚಳಿಗಾಲದಲ್ಲಿ ಒಂದು ವಾರ ವಿಪರೀತ ಥಂಡಿ ಬಿದ್ದು ನಾಲ್ಕೈದು ಮೀನು ಸತ್ತವು. ಪ್ರತಿ ವರ್ಷ ಕಾಕಾ ರಾತ್ರಿ ತೊಟ್ಟಿಗೆ ಕಂಬಳಿ ಹೊದಿಸುತ್ತಿದ್ದರು. ನಾನು ಸಿಂಧನೂರಿಗೆ ಹೋದವಳು ನೀರಿನೊಳಗೆ ಮುಳುಗಿಸಿ ಇಡುವ ಗಾಜಿನ ಕೊಳವೆಯ ಹೀಟರ್ ತಂದುಕೊಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೇಡವೆನ್ನಲು ಮನಸ್ಸಾಗಲಿಲ್ಲವೆಂದು ಕಾಣುತ್ತದೆ. "ನೀರು, ಕರೆಂಟು ಎರಡೂ ಒಂದ ಕೋಣ್ಯಾಗ ಇಟ್ರ ನಡುವ ಒಬ್ರು ಕಾವಲು ಇರಬೇಕು, ನೆಪ್ಪಿರಲಿ" ಎಂದಷ್ಟೇ ಹೇಳಿ ಅದರ ವೈರನ್ನೂ ಅದೇ ಬೋರ್ಡಿಗೆ ಸೇರಿಸಿದರು.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಗುರುಗುಂಟಾದಲ್ಲಿ ಮಗಳ ಗಂಡನ ಕಡೆಯ ಮದುವೆ. ಶನಿವಾರ ಹೊರಟು ಸೋಮವಾರ ಬೆಳಿಗ್ಗೆ ಬರುವುದಾಗಿ ಹೇಳಿ, ಮನೆಯ ಕೀಲಿ ನನಗೆ ಕೊಟ್ಟರು. "ದಿನಕ್ಕ ಒಂದು ಚಿಟಿಕಿ. ಕೈ ಮಾತ್ರ ಒಳಗ ಹಾಕಬ್ಯಾಡ. ಏನಾರ ಆದ್ರೂ ನಾ ಬರೂತನ ತಡಿ."

ನಾನು ಆಗಷ್ಟೇ ಲಿಂಗಸುಗೂರಿನ ಒಂದು ಶಾಲೆಗೆ ಶಿಕ್ಷಕಿಯಾಗಿ ಸೇರಿದ್ದೆ. ಭಾನುವಾರ ನೋಡಿದರೆ ಮೀನುಗಳು ಗಾಜಿಗೆ ಮೂತಿ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದವು. ನಾಳೆ ಸೋಮವಾರ, ಉಪವಾಸ. ಅಯ್ಯೋ ಅನ್ನಿಸಿ ಒಂದು ಚಿಟಿಕೆಯ ಬದಲು ಮೂರು ಹಾಕಿದೆ. ಸಂಜೆ ಇನ್ನೊಮ್ಮೆ ಹಾಕಿದೆ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದಾಗ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಅದರ ಮೇಲೆ ಕರೆಂಟ್ ಬೇರೆ ಹೋಗಿ ಗಾಳಿಯ ಪಂಪು ನಿಂತಿತ್ತು. ಮೀನುಗಳು ಮೇಲ್ಮಟ್ಟದಲ್ಲಿ ಬಾಯಿ ತೆರೆದು ಮುಚ್ಚುತ್ತಿದ್ದವು. ಅವರಿಬ್ಬರೂ ಇನ್ನೇನು ಬರುವ ಹೊತ್ತು. ನಾನು ಎಂಟೂವರೆಯ ಬಸ್ಸು ಹಿಡಿಯಬೇಕಿತ್ತು. ಅವರು ಬರುವಷ್ಟರಲ್ಲಿ ನೀರು ಬದಲಿಸಿಬಿಟ್ಟರೆ ನನ್ನ ತಪ್ಪು ಅವರ ಕಣ್ಣಿಗೆ ಬೀಳುವುದಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಪ್ಲಗ್ ಗೋಡೆಯಲ್ಲಿತ್ತು. ನಾನು ಅದನ್ನು ನೋಡಿದೆ. ಕರೆಂಟ್ ಇಲ್ಲವಲ್ಲ ಅಂದುಕೊಂಡೆ.

ಹೊಟ್ಟೆ ದಪ್ಪಗಿದ್ದ ಎರಡು ಹೆಣ್ಣು ಮೀನುಗಳನ್ನು ಸಣ್ಣ ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಬಿಟ್ಟೆ. ಪೈಪು ಹಚ್ಚಿ ಅರ್ಧಕ್ಕಿಂತ ಹೆಚ್ಚು ನೀರು ಹೊರಗೆ ಹರಿಸಿದೆ. ಹೀಟರಿನ ಗಾಜಿನ ಕೊಳವೆ ನೀರಿನಿಂದ ಮೇಲೆ ಎದ್ದು ನಿಂತಿತು. ಆಗ ಗುಂಯ್ ಎಂದು ಪಂಪಿನ ಸದ್ದು ಶುರುವಾಯಿತು. ಗುಳ್ಳೆಗಳು ಎದ್ದವು. ಈ ಕ್ಷಣವನ್ನು ನಾನು ಎಷ್ಟು ಸಲ ತಿರುಗಿ ನೋಡಿದ್ದೇನೋ ಲೆಕ್ಕವಿಲ್ಲ. ಕರೆಂಟ್ ಬಂದದ್ದು ನನಗೆ ಗೊತ್ತಾಗಲಿಲ್ಲವೆಂದಲ್ಲ. ಗೊತ್ತಾಯಿತು. ನಾನು ಖುಷಿಪಟ್ಟೆ. ಸದ್ಯ, ಮೀನಿಗೆ ಗಾಳಿ ಸಿಕ್ಕಿತು ಎಂದುಕೊಂಡೆ.

ಹೊಸ ನೀರು ತುಂಬಲು ಇನ್ನೊಂದು ಬಕೆಟ್ ಎತ್ತಿ ಸುರಿದೆ, ನೀರಿಲ್ಲದೆ ಕಾದು ಬಿಸಿಯಾಗಿದ್ದ ಆ ಕೊಳವೆಯ ಮೇಲೆ ತಣ್ಣೀರು ಬಿತ್ತು. ಟಕ್ ಎಂದು ಒಂದು ಸಣ್ಣ ಸದ್ದು. ಒಡೆದದ್ದು ಹೀಟರಿನ ಗಾಜೆಂದು ಹೊಳೆಯಲಿಲ್ಲ, ತೊಟ್ಟಿಯ ತಳದ ಕಲ್ಲು ಉರುಳಿತೆಂದುಕೊಂಡು ಸರಿಪಡಿಸಲು ಕೈ ಒಳಗಿಟ್ಟೆ.

ನೋವೆಂದು ಹೇಳಲು ಬರುವುದಿಲ್ಲ. ನನ್ನ ಕೈ ನನ್ನದಾಗಿರಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಚೆಲ್ಲಿದ ನೀರಿನಲ್ಲಿ ಬರಿಗಾಲಲ್ಲಿ ನಿಂತಿದ್ದೆ. ಕಣ್ಣೆದುರು ಒಂದು ನೀಲಿ ಬಾಲ ನಡುಗುತ್ತ ನಡುಗುತ್ತ ಅಡ್ಡಬಿತ್ತು. ಪಂಪು ಗುಂಯ್ ಎನ್ನುತ್ತಲೇ ಇತ್ತು. ಈಗಲೂ ಶಾಲೆಯಲ್ಲಿ ಯಾರಾದರೂ ಫ್ಯಾನು ಹಾಕಿದರೆ, ಅದು ಮೊದಲು ಗುಂಯ್ ಎನ್ನುವಾಗ, ನಾನು ಮಾತು ನಿಲ್ಲಿಸಿ ನನ್ನ ಕೈ ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ.

ಬಾಗಿಲ ಬಳಿ ಚೀಲ ಬಿದ್ದ ಸದ್ದು ಕೇಳಿಸಿತು. ಬೇರೆ ಯಾರಾದರೂ ಆಗಿದ್ದರೆ ನನ್ನತ್ತ ಓಡಿಬಂದು ನನ್ನನ್ನು ಹಿಡಿಯುತ್ತಿದ್ದರು, ಇಬ್ಬರೂ ಅಲ್ಲೇ ಉಳಿಯುತ್ತಿದ್ದೆವು. ಕಾಕಾ ನನ್ನತ್ತ ನೋಡಲೇ ಇಲ್ಲ. ನೇರವಾಗಿ ಗೋಡೆಯ ಮೇಲಿನ ಮೇನ್ ಸ್ವಿಚ್ಚಿಗೆ ಕೈಯೆತ್ತಿದರು. ಮೂರು ಬೆರಳು ಆ ಹಿಡಿಕೆಯನ್ನು ಕೆಳಗೆಳೆದದ್ದನ್ನು ನಾನು ಕಂಡೆ. ಆಮೇಲೆ ನೆಲ ಕಂಡಿತು. ನೆಲದ ಮೇಲೆ, ನನ್ನ ಮುಖದ ಪಕ್ಕದಲ್ಲಿ, ಅವರ ಚಪ್ಪಲಿ.

ಎದೆ ಉಜ್ಜಿದರು, ಅಂಗೈ ಅಂಗಾಲು ತಿಕ್ಕಿದರು, ಕೆನ್ನೆಗೆ ಹೊಡೆದರು. "ಉಸಿರು ಬಿಡು ಬೇ, ಬಿಡು, ಬಿಡು" ಎನ್ನುತ್ತಿದ್ದರು. ನಾನು ಅತ್ತೆ. ಅತ್ತದ್ದು ಕೇಳಿ ಅವರು ಗೋಡೆಗೊರಗಿ ಕೂತುಬಿಟ್ಟರು.

ನಮ್ಮವ್ವ ಎದುರು ಮನೆಯಿಂದ ಓಡಿಬಂದಳು. ಹಿಂದೆ ಓಣಿಯ ಜನ. "ಏನಾತ್ರಿ? ಏನ್ ಮಾಡ್ಕೊಂಡ್ಳು ಇಕಿ?" ಅವ್ವನ ದನಿಯಲ್ಲಿ ಗಾಬರಿಯ ಜೊತೆ ಸಿಟ್ಟೂ ಇತ್ತು. ನನಗೆ ಉಸಿರು ಸರಿಯಾಗಿ ಬಂದಿರಲಿಲ್ಲ. ಕಾಕಾ ಹೇಳಿದರು, "ತಪ್ಪು ನಂದವ್ವ. ಪ್ಲಗ್ ಕಿತ್ತಿದ್ಲು ಆಕಿ. ಮೀನಿಗೆ ಗಾಳಿ ಇಲ್ಲಂತ ನಾನ ಬಂದು ಹಾಕಿಬಿಟ್ಟೆ. ಆಕಿ ಕೈ ಒಳಗಿದ್ದದ್ದು ನೋಡಲಿಲ್ಲ."

ನಾನು ಸುಮ್ಮನಿದ್ದೆ.

ಗುಡ್ಡದ ಮೇಲಿನ ಗುಡಿಗೆ ಸೋಮವಾರ ಹೂವು ಏರಿಸದೆ ಚಿಗವ್ವ ಮನೆ ಸೇರುವವಳಲ್ಲ, ಬಸ್ಸಿನಿಂದ ಇಳಿದವಳು ನೇರ ಅಲ್ಲಿಗೆ ಹೋಗಿದ್ದಳು. ಪ್ರಸಾದ ಹಿಡಿದು ಬಂದಾಗ ಪಡಸಾಲೆಯ ತುಂಬ ಜನ. ವಿಷಯ ಕೇಳಿದವಳೇ ಗಂಡನ ಮೇಲೆ ಬಿದ್ದಳು. "ಲೈನ್‌ಮನ್ ಅಂತ, ಲೈನ್‌ಮನ್! ಮಂದಿ ಮಗಳನ್ನ ಕೊಲ್ತಿದ್ದಿರಲ್ಲ! ಊರಿಗೆಲ್ಲಾ ಬುದ್ಧಿ ಹೇಳ್ತೀರಿ, ನಿಮ್ಮ ಬುದ್ಧಿ ಎಲ್ಲಿ ಮೇಯಾಕ ಹೋಗಿತ್ತು?" ಓಣಿಯವರೆಲ್ಲ ಕೇಳುವಂತೆ ಬೈದಳು. ಅವರು ತಲೆ ತಗ್ಗಿಸಿ ಕೂತಿದ್ದರು. ನನಗೆ ಆಗ ಮಾತು ಬರುತ್ತಿತ್ತು. ಆದರೂ ಸುಮ್ಮನಿದ್ದೆ.

ತೊಟ್ಟಿಯ ಮೀನುಗಳೆಲ್ಲ ಸತ್ತಿದ್ದವು. ಜನ ಹೋದ ಮೇಲೆ ಕಾಕಾ ಒಂದೊಂದನ್ನೇ ಮೂರು ಬೆರಳಲ್ಲಿ ಎತ್ತಿ ಮುತ್ತುಗದ ಎಲೆಯ ಮೇಲೆ ಸಾಲಾಗಿ ಮಲಗಿಸಿದರು. ಹಿತ್ತಲಲ್ಲಿ ಪತ್ರಿ ಗಿಡದ ಬುಡಕ್ಕೆ ತಗ್ಗು ತೋಡಿ ಹೂಳಿದರು, ಮೇಲೊಂದು ಚಿಟಿಕೆ ವಿಭೂತಿ ಉದುರಿಸಿದರು. ತುರ್ವಿಹಾಳದ ಬುತ್ತಿ ಡಬ್ಬಿಯಿಂದ ಹಿಡಿದು ಅಷ್ಟು ವರ್ಷ ಬೆಳೆಸಿದ ಬಳಗ. ಬಕೆಟ್ಟಿನಲ್ಲಿದ್ದ ಎರಡು ಹೆಣ್ಣುಗಳು ಮಾತ್ರ ಉಳಿದಿದ್ದವು. "ಇವರಿಬ್ರು ಅದಾರಲ್ಲ" ಎಂದರು, ಬಕೆಟ್ಟಿನೊಳಗೆ ಬಗ್ಗಿ ನೋಡುತ್ತ. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ.

ಒಂದು ವಾರ ನಾನು ಆ ಮನೆಗೆ ಹೋಗಲಿಲ್ಲ. ನಮ್ಮ ಮನೆಯಲ್ಲೂ ಸ್ವಿಚ್ ಮುಟ್ಟುತ್ತಿರಲಿಲ್ಲ, ಮೊಬೈಲ್ ಚಾರ್ಜಿಗೆ ಹಾಕಲೂ ಅವ್ವನನ್ನು ಕರೆಯುತ್ತಿದ್ದೆ. ಎಂಟನೆಯ ದಿನ ಕಾಕಾ ಬಾಗಿಲಲ್ಲಿ ನಿಂತು ಕೂಗಿದರು. ತೊಟ್ಟಿ ತೊಳೆದು, ಹೀಟರಿಲ್ಲದೆ ಮತ್ತೆ ನೀರು ತುಂಬಿಸಿದ್ದರು. ಆ ಎರಡು ಹೆಣ್ಣುಗಳು ಮರಿ ಹಾಕಿದ್ದವು, ಸಾಸಿವೆಗೆ ಕಣ್ಣು ಬಂದ ಹಾಗೆ ಹತ್ತಿಪ್ಪತ್ತು. ಅವರು ಪ್ಲಗ್ ಕಿತ್ತು ನನ್ನತ್ತ ಚಾಚಿದರು.

"ಹಿಡಿ."

"ಕಾಕಾ, ಕೈ ನಡಗಾಕತ್ತೈತ್ರಿ."

"ನಡಗಲಿ. ನಡಗೂ ಕೈ ಚಲೋ ಕಾವಲು ಕಾಯ್ತೈತಿ."

ಹಿಡಿದೆ. ಅವರು ನೀರಲ್ಲಿ ಕೈಯಿಟ್ಟು ಗಿಡ ಸರಿಪಡಿಸುತ್ತಿದ್ದರು. ಚಿಗವ್ವ ಒಳಗಿಂದ, "ನೋಡ್ಕೊಂಡು ಹಿಡಿ ಯವ್ವಾ, ಈ ಮುದುಕನ್ನ ನಂಬಬ್ಯಾಡ" ಎಂದು ಕೂಗಿದಳು. ಅವರು ಮುಗುಳ್ನಕ್ಕರು. ನನಗೆ ತಡೆಯಲಾಗಲಿಲ್ಲ.

"ಕಾಕಾ, ನಾ ಚಿಗವ್ವಗ ಖರೇ ಹೇಳ್ತೀನ್ರಿ."

"ಏನಂತ?"

"ಪ್ಲಗ್ ನಾ ಕಿತ್ತಿರಲಿಲ್ಲಂತ."

ಅವರು ಕೈ ಹೊರಗೆ ತೆಗೆಯಲಿಲ್ಲ. ನನ್ನತ್ತ ನೋಡಲೂ ಇಲ್ಲ. ಅಂದು ಮೊದಲ ಸಲ ತುರ್ವಿಹಾಳದ ಕಥೆ ಹೇಳಿದರು. ಅವರು ಕಂಬದ ಮೇಲಿದ್ದಾಗ ಸ್ಟೇಷನ್ನಿನಲ್ಲಿ ಇದ್ದದ್ದು ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳಾಗದ ಒಬ್ಬ ಹುಡುಗ. ಎಲ್‌ಸಿ ಕೊಟ್ಟಿದ್ದನ್ನು ಮರೆತು ಲೈನಿಗೆ ಕರೆಂಟ್ ಬಿಟ್ಟ. ವಿಚಾರಣೆಗೆ ಬಂದವರು ಯಾರ ತಪ್ಪೆಂದು ಕೇಳಿದಾಗ, ಎಲ್‌ಸಿ ವಾಪಸ್ ಮಾಡಿ ಮತ್ತೆ ಹತ್ತಿದ್ದು ತನ್ನದೇ ತಪ್ಪೆಂದು ಕಾಕಾ ಬರೆದುಕೊಟ್ಟರು.

"ಯಾಕ್ರಿ ಹಂಗ ಮಾಡಿದ್ರಿ?"

"ಅವನ ನೌಕರಿ ಹೋದ್ರ ನನ್ನ ಬೆರಳು ಬರ್ತಿದ್ವೇನು?" ಗಿಡದ ಬುಡವನ್ನು ಕಲ್ಲಿಗೆ ಒತ್ತುತ್ತ ಹೇಳಿದರು: "ಅವ ಮತ್ತ ಒಮ್ಮೆನೂ ಮರೀಲಿಲ್ಲ. ನೀನೂ ಮರಿಯಂಗಿಲ್ಲ. ಮಂದಿಗೆ ಗೊತ್ತಾಗಿ ಏನ್ ಆಗೂದೈತಿ? ಕರೆಂಟ್ ಬಂತು, ಅಷ್ಟ." ಕೈ ಒರೆಸಿಕೊಂಡರು. "ವಾಪಸ್."

ನಾನು ಹೇಳುವುದನ್ನು ಮುಂದಕ್ಕೆ ಹಾಕಿದೆ. ಶಿವರಾತ್ರಿ ಆಗಲಿ, ಆಮೇಲೆ ಚಿಗವ್ವನಿಗೆ ಹೇಳಿಬಿಡೋಣ, ಕಾಕಾ ಬೇಡವೆಂದರೂ ಹೇಳೋಣ ಎಂದುಕೊಂಡೆ. ಶಿವರಾತ್ರಿಗೆ ಇನ್ನೂ ನಾಲ್ಕು ದಿನವಿತ್ತು, ಕಾಕಾನಿಗೆ ಬೆಳಗಿನ ಪೂಜೆಯಲ್ಲಿ ಕೂತಲ್ಲೇ ಎದೆ ಹಿಡಿಯಿತು. ಸಿಂಧನೂರಿನ ಆಸ್ಪತ್ರೆಗೆ ಒಯ್ಯುವಾಗ ಗೊರೇಬಾಳ ದಾಟುವಷ್ಟರಲ್ಲಿ ಮುಗಿದಿತ್ತು. ಕಾರಿನಲ್ಲಿ ಅವರ ಬಲಗೈ ನನ್ನ ಕೈಯಲ್ಲಿತ್ತು. ಅದು ತಣ್ಣಗಾದದ್ದು ಎಲ್ಲಿ ಎಂದು ನನಗೆ ಗೊತ್ತಾಗಲಿಲ್ಲ. ಎರಡೂ ಕಡೆ ಭತ್ತದ ಸಸಿ, ಹಸಿರು, ನೀರು.

ಮನೆಗೆ ತಂದು, ಪದ್ಧತಿಯಂತೆ ಅವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಮೂರೂ ಗೆರೆ ಹಗ್ಗ ಹಿಡಿದು ಎಳೆದಷ್ಟು ನೇರವಾಗಿದ್ದವು. ಅದನ್ನು ನೋಡಿದಾಗ ನನಗೆ ಅವರು ಹೋದರೆನ್ನುವುದು ಖಚಿತವಾಯಿತು. ಆ ಹಣೆ ಬೇರೆ ಯಾರದೋ ಆಗಿತ್ತು.

ಬಂದವರ ಎದುರು ಚಿಗವ್ವ ಅಳುತ್ತ, "ಆ ಒಂದು ತಪ್ಪು ಮನಸಿನಾಗ ಇಟ್ಕೊಂಡು ಕೊರಗಿದ್ರು" ಎಂದಳು. ಮೂಲೆಯಲ್ಲಿದ್ದ ನನಗೆ ಆ ಮಾತು ತಟ್ಟಿದ್ದನ್ನು ಬರೆಯಲಾರೆ.

ಮಣ್ಣು ಮಾಡಿ ಮೂರನೆಯ ದಿನ ಆ ಎರಡು ಹೆಣ್ಣುಗಳು ಮತ್ತೆ ಮರಿ ಹಾಕಿದವು. ಮೊದಲ ಸಲದ ಮರಿಗಳು ಇನ್ನೂ ಎಳೆಯವು, ತೊಟ್ಟಿಯಲ್ಲಿ ಬೆಳೆದ ಗಂಡು ಮೀನು ಒಂದೂ ಇರಲಿಲ್ಲ. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಗಂಡು ಸತ್ತು ತಿಂಗಳುಗಳಾದರೂ ಹೆಣ್ಣು ಗಪ್ಪಿ ಅದರ ಬೀಜವನ್ನು ಒಳಗೆ ಕಾಪಾಡಿಕೊಂಡಿರುತ್ತದೆ. ಗೊತ್ತಿದ್ದರೂ ಆ ದಿನ ತೊಟ್ಟಿಯ ಮುಂದೆ ಕುಕ್ಕರಿಸಿ ಬಿಕ್ಕಿಬಿಕ್ಕಿ ಅತ್ತೆ. ಚಿಗವ್ವ ಬಂದು ಪಕ್ಕದಲ್ಲಿ ಕೂತಳು. ಆಗ ಹೇಳಿದೆ. ಹೆಚ್ಚಿಗೆ ಹಾಕಿದ ಆಹಾರ, ಕಿತ್ತಿರದ ಪ್ಲಗ್ಗು, ನಾನು ಸುಮ್ಮನಿದ್ದದ್ದು, ಎಲ್ಲ.

ಅವಳು ಮರಿಗಳನ್ನೇ ನೋಡುತ್ತಿದ್ದಳು. "ನನಗ ಅವತ್ತ ಗೊತ್ತಾಗಿತ್ತು" ಎಂದಳು.

"ಹೆಂಗ್ರಿ?"

"ಒಳಗ ಬರ್ತೀನಿ, ಮಂದಿಯ ಬರಿಗಾಲಿನ ನಡುವ ಹಸಿ ನೆಲದ ಮ್ಯಾಲ ಮಣ್ಣಿನ ಚಪ್ಪಲಿ ಹೆಜ್ಜಿ. ಹೊಸ್ತಿಲದಿಂದ ಮೇನ್ ಸ್ವಿಚ್ಚಿನತನ, ಅಲ್ಲಿಂದ ನಿನ್ನತನ. ಪ್ಲಗ್ಗಿನ ಕಡೆ ಒಂದು ಹೆಜ್ಜಿನೂ ಇಲ್ಲ. ಮದುವ್ಯಾದಾಗಿಂದ ಚಪ್ಪಲಿ ಹಾಕ್ಕೊಂಡು ಒಳಗ ಬಂದ ಮನುಷ್ಯ ಅಲ್ಲ ಅದು. ಚಪ್ಪಲಿ ಬಿಡಾಕ ಪುರಸತ್ತಿಲ್ಲದವರು ಪ್ಲಗ್ ಯಾವಾಗ ಹಾಕಿದ್ರು?"

"ಗೊತ್ತಿದ್ದೂ ಅವರಿಗೆ ಯಾಕ ಬೈದ್ರಿ ಚಿಗವ್ವ? ಓಣಿ ಮಂದಿ ಮುಂದ?"

"ಅವರು ಹೇಳಿದ್ದು ಖರೇ ಅಂತ ಮಂದಿ ನಂಬಬೇಕಿತ್ತಲ್ಲ. ನಾ ಬೈದಿಲ್ಲಾಂದ್ರ ನಿಮ್ಮವ್ವ ಕೇಳ್ತಿದ್ಲು, ಮಂದಿ ಕೇಳ್ತಿದ್ರು. ನೌಕರಿಗೆ ಸೇರಿದ ಹುಡುಗಿಗೆ ಇಷ್ಟೂ ತಿಳಿವಳಿಕಿ ಇಲ್ಲಂತ ಊರ ತುಂಬ ಮಾತಾಗ್ತಿತ್ತು." ಸೆರಗಿನಿಂದ ಮೂಗೊರೆಸಿಕೊಂಡಳು. "ತುರ್ವಿಹಾಳದ ಹುಡುಗನ ಸಲವಾಗಿನೂ ನಾನು ಅವರನ್ನ ಹಿಂಗ ಬೈದೀನಿ. ಅವರು ಹೇಳಿಕೊಡಲಿಲ್ಲ, ನಾ ಕೇಳಲಿಲ್ಲ. ಆದ್ರ ಈ ಸಲ ಜರಾ ಜಾಸ್ತಿ ಬೈದೆ. ಅದೊಂದು ಉಳೀತು ನೋಡು ನನಗ."

ಬಂದವರೆದುರು ಆಕೆ ಅತ್ತು ಆಡಿದ ಮಾತು ಯಾರಿಗಾಗಿ ಎಂದು ನನಗೆ ಆಗ ತಿಳಿಯಿತು. ಗಂಡನ ಹೆಣದ ಮುಂದೆಯೂ ನನ್ನನ್ನು ಕಾಯುತ್ತಿದ್ದಳು.

ಈಗ ತೊಟ್ಟಿ ಅಲ್ಲೇ ಇದೆ. ನಾನು ಲಿಂಗಸುಗೂರಿನಿಂದ ಸಂಜೆ ಬಂದವಳು ಮೊದಲು ಎದುರು ಮನೆಗೆ ಹೋಗುತ್ತೇನೆ. ಆ ಎಳೆಯ ಮೀನುಗಳು ಈಗ ಬೆಳೆದು ಬಾಲ ಬೀಸುತ್ತಿವೆ, ಒಂದೆರಡಕ್ಕೆ ಅದೇ ನೀಲಿ ಬಂದಿದೆ. ಅವುಗಳಲ್ಲಿ ಹೆಚ್ಚಿನವು ಆ ಕೈಯನ್ನು ನೋಡದೆ ಬೆಳೆದವು. ಆದರೂ ನಾನು ಆಹಾರ ಉದುರಿಸುವಾಗ ಕೊನೆಯ ಎರಡು ಬೆರಳನ್ನು ಅಂಗೈಯೊಳಗೆ ಮಡಚಿಕೊಳ್ಳುತ್ತೇನೆ. ಅವು ಮೇಲೆ ಬರುತ್ತವೆ.

ನಿನ್ನೆ ನೀರು ಬದಲಿಸುವ ದಿನ. ಕರೆಂಟ್ ಹೋಗಿತ್ತು. ನಾನು ಪ್ಲಗ್ ಕಿತ್ತು ಹಿಡಿದುಕೊಂಡು, ಚಿಗವ್ವ ಒಲೆಯ ಮುಂದಿನಿಂದ ಏಳುವತನಕ ಕಾದೆ. ಮೊಣಕಾಲು ನೋವು, ನಿಧಾನಕ್ಕೆ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಪ್ಲಗ್ ತೆಗೆದುಕೊಂಡಳು.

"ಎಲ್‌ಸಿ ಕೊಡ್ರಿ" ಎಂದೆ.

"ಕೊಟ್ಟೆ" ಎಂದಳು.